ಉಳ್ಳಾಗಡ್ಡಿ ಬೇರು, ಐಸು, ಕಳೆನಾಶಕ: ಸಾದಾ ಮೈಕ್ರೋಸ್ಕೋಪಿನಲ್ಲಿ ಮೈಕ್ರೊಟ್ಯೂಬ್ಯೂಲ್ ಕೆಲಸ ಹಿಡಿದ ಬಗೆ

ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಇಲ್ಲದೆ ಮೈಕ್ರೊಟ್ಯೂಬ್ಯೂಲ್ (ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಕಟ್ಟಿದ, ಕೋಶದೊಳಗಿನ ಸೂಕ್ಷ್ಮ ನಾಳ) ಬಗ್ಗೆ ಮಾತಾಡಬೇಡಿ ಅಂದವರು ಬಹಳ ಮಂದಿ. ಅದು ಅರ್ಧ ನಿಜ. 25 ನ್ಯಾನೋಮೀಟರ್ ದಪ್ಪದ ನಾಳ 40ರ ಆಬ್ಜೆಕ್ಟಿವ್‌ಗೆ ಸಿಗುವುದಿಲ್ಲ. ಆದರೆ ಅದು ಕಳಚಿಬಿದ್ದಾಗ ಕೋಶದ ಗತಿ ಏನಾಗುತ್ತದೆ, ಮತ್ತೆ ಕಟ್ಟಿಕೊಂಡಾಗ ಯಾವುದು ಮೊದಲು ದಾರಿಗೆ ಬರುತ್ತದೆ ಅನ್ನುವುದು ಚೆನ್ನಾಗಿ ಸಿಗುತ್ತದೆ. ರಾಯಚೂರಿನ ನಮ್ಮ ಪ್ರಾಕ್ಟಿಕಲ್ ಹಾಲಿನಲ್ಲಿ ಈಗ ಪ್ರತಿ ಬ್ಯಾಚಿಗೂ ಇದು ಬರುತ್ತಿದೆ. ಸ್ಕ್ವಾಷ್ (ಬೇರಿನ ತುದಿಯನ್ನು ಸ್ಲೈಡಿನ ಮೇಲೆ ಒತ್ತಿ ಕೋಶ ಹರಡುವುದು) ಮಾಡಿ ಕೈ ಪಳಗಿದವರಿಗಾಗಿ ಬರೆಯುತ್ತಿದ್ದೇನೆ, ಮೈಟೋಸಿಸ್ (ಕೋಶ ವಿಭಜನೆ) ಹಂತಗಳ ಪಾಠ ಇಲ್ಲಿಲ್ಲ.

ಮೊದಲು ದುಡ್ಡಿನ ಮಾತು. ಮೈಕ್ರೊಟ್ಯೂಬ್ಯೂಲ್ ಕಳಚಲು ಎಲ್ಲರೂ ಬಳಸುವ ಕಾಲ್ಚಿಸಿನ್ ನಮಗೆ ಗ್ರಾಂಗೆ ನಾಲ್ಕೈದು ಸಾವಿರ ಬಿತ್ತು. ಮೇಲಾಗಿ ಅದು ಮನುಷ್ಯನಿಗೂ ಘೋರ ವಿಷ, ವಿದ್ಯಾರ್ಥಿಗಳ ಕೈಗೆ ಕೊಡಲು ಮನಸ್ಸಾಗುವುದಿಲ್ಲ. ಟ್ಯೂಬುಲಿನ್ ಆಂಟಿಬಾಡಿಗೆ ನಲವತ್ತು ಸಾವಿರದ ಮೇಲೆ. ತರಿಸಿದ್ದು ಏಪ್ರಿಲ್‌ನಲ್ಲಿ, ಡಬ್ಬಿ ಬಿಚ್ಚಿದಾಗ ಐಸ್ ಪ್ಯಾಕ್ ನೀರಾಗಿತ್ತು. ಅದರ ಬದಲು ಹತ್ತಿ ಹೊಲಕ್ಕೆ ಹೊಡೆಯುವ ಪೆಂಡಿಮೆಥಾಲಿನ್ 30 ಇಸಿ (ನೀರಿಗೆ ಬೆರೆಸಿ ಹೊಡೆಯುವ ಸಾಂದ್ರ ಕಳೆನಾಶಕ) ಹಿಡಿದೆವು. ಗೊಬ್ಬರದಂಗಡಿಯಲ್ಲಿ ಸಣ್ಣ ಬಾಟಲಿಗೆ ಇನ್ನೂರರ ಆಸುಪಾಸು. ಅದು ಸಸ್ಯದ ಟ್ಯೂಬುಲಿನ್‌ಗೆ ಅಂಟಿಕೊಂಡು ಹೊಸ ನಾಳ ಬೆಳೆಯದಂತೆ ತಡೆಯುತ್ತದೆ. ಪ್ರಾಣಿಗಳ ಟ್ಯೂಬುಲಿನ್‌ಗೆ ಅಷ್ಟಾಗಿ ಅಂಟುವುದಿಲ್ಲ. ಹಾಗಂತ ಗ್ಲೌಸ್ ಬಿಡಬೇಡಿ, ಬೆರಳು ವಾರಗಟ್ಟಲೆ ಹಳದಿ.

ಅಳತೆ ಹೀಗೆ: ಒಂದು ಲೀಟರ್ ನೀರಿಗೆ 1 ಮಿ.ಲೀ. ಔಷಧಿ, ಚೆನ್ನಾಗಿ ಅಲುಗಾಡಿಸಿ. ಅದರಿಂದ 10 ಮಿ.ಲೀ. ತೆಗೆದು ಮತ್ತೊಂದು ಲೀಟರಿಗೆ. ಲೀಟರಿಗೆ ಹೆಚ್ಚುಕಡಿಮೆ 3 ಮಿ.ಗ್ರಾಂ. ಆಯಿತು, ಅಂದರೆ 10 ಮೈಕ್ರೋಮೋಲಾರ್‌ನ ಆಸುಪಾಸು. ಇದು ನೀರಿನಲ್ಲಿ ನಿಜವಾಗಿ ಕರಗುವ ಪದಾರ್ಥವಲ್ಲ, ಎಮಲ್ಷನ್ ಆಗಿ ತೇಲುತ್ತದೆ. ಹಾಗಾಗಿ ಪ್ಲಾಸ್ಟಿಕ್ ಲೋಟ ಬೇಡ, ಗೋಡೆಗೇ ಅಂಟಿ ಅರ್ಧ ಔಷಧಿ ಮಾಯ. ಗಾಜಿನ ಬೀಕರ್ ಇರಲಿ, ಅಂದಂದೇ ಕಲಸಿಕೊಳ್ಳಿ, ಬಿಸಿಲಿಗಿಡಬೇಡಿ. ಇಸಿಯಲ್ಲಿರುವ ಸಾಲ್ವೆಂಟೇ ಬೇರು ಕೆಡಿಸಿತು ಅನ್ನುವವರು ಸಿಕ್ಕೇ ಸಿಗುತ್ತಾರೆ. ಅದಕ್ಕೆ ಅಷ್ಟೇ ತೆಳು ಮಾಡಿದ ಕೀಟನಾಶಕ ಇಸಿಯೊಂದನ್ನು ಪಕ್ಕದ ಬೀಕರಿನಲ್ಲಿಡಿ, ಬಾಯಿ ಮುಚ್ಚುತ್ತದೆ.

ಬೇರು ಬರಿಸುವುದೇ ಇಲ್ಲಿ ದೊಡ್ಡ ಕೆಲಸ. ಬೋರ್ ನೀರು ಉಪ್ಪು, ಅದರಲ್ಲಿ ಬೇರು ಮೂಗು ತೋರಿಸಿ ನಿಂತುಬಿಡುತ್ತದೆ. ಶುದ್ಧ ನೀರಿನ ಘಟಕದ ಒಂದು ಕ್ಯಾನ್ ಸಾಕು. ಹೊಸದಾಗಿ ಕಿತ್ತ ಗಡ್ಡೆ ನಿದ್ದೆಯಲ್ಲಿರುತ್ತದೆ. ಕೊಪ್ಪಳದ ಕಡೆಯಿಂದ ಬರುವ, ಮೂರ್ನಾಲ್ಕು ತಿಂಗಳು ಕೂಡಿಟ್ಟ ಸಣ್ಣ ಉಳ್ಳಾಗಡ್ಡಿ ವಾಸಿ. ಬುಡದ ಒಣ ಬೇರನ್ನು ಬ್ಲೇಡಿನಿಂದ ಹೆರೆಯಿರಿ, ಬೇರು ಹುಟ್ಟುವ ತಟ್ಟೆಗೆ ಗಾಯ ಆಗಬಾರದು. ಬೇಸಿಗೆಯಲ್ಲಿ ಕೋಣೆಯ ಶಾಖಕ್ಕೆ ಗಡ್ಡೆ ಕೊಳೆಯುತ್ತದೆ, ಕೋಶ ವಿಭಜನೆಯೂ ಸಿಗುವುದಿಲ್ಲ. ಅಗಲ ಬಾಯಿಯ ಹರವಿಗೆ ಹಸಿ ಉಸುಕು ತುಂಬಿ, ಅದರಲ್ಲಿ ಗಾಜಿನ ಲೋಟ ಹುಗಿದು, ಮೇಲೆ ಒದ್ದೆ ಗೋಣಿಚೀಲ ಹಾಕಿದರೆ 25-26 ಡಿಗ್ರಿಗೆ ನಿಲ್ಲುತ್ತದೆ. ಕೂಲರಿಗಿಂತ ಇದೇ ನಂಬಿಗಸ್ತ. ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ಕರೆಂಟ್ ಹೋಗುವುದು ತಪ್ಪಿಲ್ಲವಲ್ಲ.

ಎರಡು ಸೆಂಟಿಮೀಟರ್ ಬೇರು ಬಂದ ಗಡ್ಡೆಯನ್ನು ಕಳೆನಾಶಕದ ಬೀಕರಿಗೆ ಇಳಿಸಿ. ನಾಲ್ಕು ತಾಸು ಆದ ಮೇಲೆ ಒಂದಿಷ್ಟು ಬೇರು ಕತ್ತರಿಸಿ ಫಿಕ್ಸ್ ಮಾಡಿ (ಕೋಶವನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸುವ ಫಿಕ್ಸೆಟಿವ್ ದ್ರಾವಣಕ್ಕೆ ಹಾಕಿ), ಉಳಿದದ್ದನ್ನು ಮರುದಿನದವರೆಗೆ ಬಿಡಿ. ಮರುದಿನ ಬರಿಗಣ್ಣಿಗೇ ಕಾಣುತ್ತದೆ: ತುದಿಯ ಹಿಂದೆ ಬೇರು ಗದೆಯಂತೆ ಉಬ್ಬಿರುತ್ತದೆ. ಬೆಳವಣಿಗೆಯ ಭಾಗ ಇದು. ವಿಭಜನೆ ಇಲ್ಲದ ಹೊತ್ತಿನಲ್ಲಿ ಮೈಕ್ರೊಟ್ಯೂಬ್ಯೂಲ್‌ಗಳು ಕೋಶಪೊರೆಯ ಒಳಬದಿಗೆ ಅಡ್ಡಡ್ಡ ಸಾಲಾಗಿ ಇರುತ್ತವೆ, ಸೆಲ್ಯುಲೋಸ್ ಎಳೆ ಆ ಸಾಲನ್ನೇ ಹಿಡಿದು ಕೂರುತ್ತದೆ, ಕೋಶ ಉದ್ದಕ್ಕೇ ಬೆಳೆಯಬೇಕಾಗುತ್ತದೆ. ಸಾಲು ಹೋದರೆ ಎಲ್ಲ ದಿಕ್ಕಿಗೂ ಹಿಗ್ಗುತ್ತದೆ. ವಿಷಕ್ಕೆ ಬೇರು ಕೆಟ್ಟಿದೆ ಅಷ್ಟೇ ಅನ್ನುವವರಿಗೆ ಉಪ್ಪುನೀರಿನ ಬೇರು ತೋರಿಸಿ: ಗಿಡ್ಡ ಆಗುತ್ತದೆ, ಉಬ್ಬುವುದಿಲ್ಲ. ಸಸ್ಯವಿಜ್ಞಾನಿ ಪಾಲ್ ಗ್ರೀನ್ 1962ರಲ್ಲಿ ನೈಟೆಲ್ಲಾ ಪಾಚಿಗೆ ಕಾಲ್ಚಿಸಿನ್ ಹಾಕಿ, ಕೋಶ ಉರುಟಾಗುವುದನ್ನು ನೋಡಿಯೇ ಸ್ಪಿಂಡಲ್ (ವಿಭಜನೆಯಲ್ಲಿ ಕ್ರೋಮೊಸೋಮ್ ಎಳೆಯುವ ನಾಳಗಳ ಕಟ್ಟು) ಎಳೆಯಂಥದ್ದೇನೋ ಕೋಶದ ಗೋಡೆಯನ್ನು ನಿಯಂತ್ರಿಸುತ್ತಿದೆ ಅಂದರು. ಲೆಡ್‌ಬೆಟರ್ ಮತ್ತು ಪೋರ್ಟರ್ ಸಸ್ಯಕೋಶದ ಮೈಕ್ರೊಟ್ಯೂಬ್ಯೂಲನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದು 1963ರಲ್ಲಿ. ಕಾಣದೆಯೂ ಹೇಳಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಉಬ್ಬಿದ ಭಾಗವನ್ನೇ ಕತ್ತರಿಸಿ ಸ್ಕ್ವಾಷ್ ಮಾಡಿ, ವಿಭಜನೆಯೇ ಇಲ್ಲ ಅನ್ನುವುದು ಎಲ್ಲ ಬ್ಯಾಚಿನಲ್ಲೂ ನಡೆಯುತ್ತದೆ. ಉಬ್ಬು ಇರುವುದು ಕೋಶ ಹಿಗ್ಗುವ ಜಾಗದಲ್ಲಿ. ವಿಭಜನೆ ಬೇಕಾದರೆ ಮುಂದಿನ ಒಂದೂವರೆ ಮಿ.ಮೀ. ಮಾತ್ರ ತೆಗೆದುಕೊಳ್ಳಿ. ಅಲ್ಲಿ 16 ಕ್ರೋಮೊಸೋಮ್ ಮಧ್ಯದ ಸಾಲಿಗೆ ಬಾರದೆ ಕೋಶದ ತುಂಬ ಚೆಲ್ಲಿರುತ್ತವೆ, ತೋಳು ಬಿಚ್ಚಿ ಸೆಂಟ್ರೊಮಿಯರಿನಲ್ಲಿ (ಎರಡು ಪ್ರತಿ ಕೂಡಿರುವ ಗಂಟು) ಮಾತ್ರ ಅಂಟಿದ ಕತ್ತರಿ ಆಕಾರ. ಕ್ರೋಮೊಸೋಮ್ ಎರಡು ಕಡೆಗೆ ಸರಿಯುವ ಅನಾಫೇಸ್ ಹುಡುಕಿದರೂ ಸಿಗಬಾರದು. ಸಿಕ್ಕರೆ ಔಷಧಿ ಹಳೆಯದು. ಮರುದಿನದ ಬೇರಿನಲ್ಲಿ ತಡೆ ಮೀರಿ ಜಾರಿದ ಕೋಶಗಳು ಸಿಗುತ್ತವೆ: ಹಾಲೆಹಾಲೆಯಾದ ಒಂದೇ ದೊಡ್ಡ ನ್ಯೂಕ್ಲಿಯಸ್, ಅದೃಷ್ಟವಿದ್ದರೆ 32 ಕ್ರೋಮೊಸೋಮ್.

ಕಳೆನಾಶಕ ತೊಳೆದರೆ ಬೇಗ ಹೋಗುವುದಿಲ್ಲ, ಬೇರಿನ ಕೊಬ್ಬಿನಂಶಕ್ಕೆ ಅಂಟಿ ಕೂರುತ್ತದೆ. ಹಾಗಾಗಿ ಚೇತರಿಕೆ ನೋಡಲು ಐಸೇ ಬೇಕು. ಚಳಿಗೆ ಮೈಕ್ರೊಟ್ಯೂಬ್ಯೂಲ್ ಟ್ಯೂಬುಲಿನ್ ಆಗಿ ಬಿಚ್ಚಿಕೊಳ್ಳುತ್ತದೆ, ಬಿಸಿಯಾದರೆ ನಿಮಿಷಗಳಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಫ್ರಿಜ್ಜಿನ ಕೆಳತಟ್ಟೆ ಸಾಲದು. ಥರ್ಮಾಕೋಲ್ ಡಬ್ಬಿಯಲ್ಲಿ ಕರಗುತ್ತಿರುವ ಐಸಿನ ಮಧ್ಯೆ ಬೇರು ಮುಳುಗಿರಬೇಕು, ರಾತ್ರಿಯಿಡೀ. ಕುಲ್ಫಿಯವರ ಉಪ್ಪು ಬೆರೆತ ಐಸು ಬೇಡ, ಸೊನ್ನೆಗಿಂತ ಕೆಳಗೆ ಹೋಗಿ ಬೇರು ಸಾಯುತ್ತದೆ. ದುಡ್ಡೂ ದಿನಗಳೂ ಹೆಚ್ಚು ಹೋಗಿದ್ದು ಇನ್ನೊಂದು ಕಡೆ: ಐಸಿನಿಂದ ತೆಗೆದ ಬೇರು ಕೋಣೆಯ ಶಾಖದ ಫಿಕ್ಸೆಟಿವ್‌ಗೆ ಹೋಗುವಷ್ಟರಲ್ಲಿ ಸ್ಪಿಂಡಲ್ ಮತ್ತೆ ತಲೆ ಎತ್ತುತ್ತದೆ, ಐಸಿಗೆ ಪರಿಣಾಮವೇ ಇಲ್ಲ ಅನ್ನಿಸುತ್ತದೆ. ಫಿಕ್ಸೆಟಿವ್ ಸೀಸೆಯನ್ನೂ ಅದೇ ಐಸಿನಲ್ಲಿಟ್ಟು, ಬೇರನ್ನು ಐಸಿನೊಳಗೇ ಕತ್ತರಿಸಿ ಹಾಕಿದ ಮೇಲೆ ಫಲಿತಾಂಶ ನೆಟ್ಟಗಾಯಿತು.

ಆಮೇಲೆ ಉಳಿದ ಬೇರನ್ನು 25 ಡಿಗ್ರಿ ನೀರಿಗೆ ಬಿಟ್ಟು, ಐದು, ಹದಿನೈದು, ಮೂವತ್ತು, ಅರವತ್ತು ನಿಮಿಷಕ್ಕೆ ಫಿಕ್ಸ್ ಮಾಡುತ್ತಾ ಹೋಗಿ. ಚೆಲ್ಲಿದ್ದ ಕ್ರೋಮೊಸೋಮ್ ಗುಂಪು ಕಟ್ಟಿ, ಸಾಲಿಗೆ ಬಂದು, ಅರ್ಧ ತಾಸು ದಾಟಿದ ಮೇಲೆ ಅನಾಫೇಸ್ ಕಾಣತೊಡಗುತ್ತದೆ; ನಡುನಡುವೆ ಮೂರು ಧ್ರುವದ ಅಡ್ಡಾದಿಡ್ಡಿಗಳೂ ಇರುತ್ತವೆ. ಸಸ್ಯಕೋಶದಲ್ಲಿ ಸೆಂಟ್ರೋಸೋಮ್ (ಪ್ರಾಣಿಕೋಶದಲ್ಲಿ ನಾಳಗಳು ಹೊರಡುವ ಕೇಂದ್ರ) ಇಲ್ಲ, ಧ್ರುವ ಒಟ್ಟುಗೂಡುವುದು ಕೋಶದ ಸ್ವಂತ ಏರ್ಪಾಟಿನಿಂದ, ಅವಸರದಲ್ಲಿ ತಪ್ಪುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಕಟ್ಟಿದ ಬೊಂಬುಗಳನ್ನೇ ಬಿಚ್ಚಿ ಮದುವೆ ಹಂದರಕ್ಕೆ ಹಾಕುವವರ ಹಾಗೆ ಕೋಶ ಒಂದೇ ಟ್ಯೂಬುಲಿನ್ ದಾಸ್ತಾನನ್ನು ಅಡ್ಡಸಾಲು, ವಿಭಜನೆಗೆ ಮುಂಚಿನ ಪಟ್ಟಿ, ಸ್ಪಿಂಡಲ್, ಗೋಡೆ ಕಟ್ಟುವ ಫ್ರಾಗ್ಮೊಪ್ಲಾಸ್ಟ್ ಎಂದು ತಿರುಗಿಸುತ್ತದೆ. ಯಾವಾಗ ಯಾವುದು ಎಂಬುದನ್ನು ಕೋಶಚಕ್ರ ನಡೆಸುವ ಸೈಕ್ಲಿನ್-ಸಿಡಿಕೆ ಕಿಣ್ವಗಳ ಏರಿಳಿತ ತೀರ್ಮಾನಿಸುತ್ತದೆ.

ಫ್ರಾಗ್ಮೊಪ್ಲಾಸ್ಟ್ ಹಂತಕ್ಕೆ ಕೆಫೀನ್ ಹಾಕಿ ನೋಡಿದೆವು, ಸುಮಾರು 0.1 ಪ್ರತಿಶತ, ಒಂದು ತಾಸು. ಕೋಶಗಳ ನಡುವಿನ ತಟ್ಟೆ ಅರ್ಧಕ್ಕೆ ಕರಗಿ, ಒಂದೇ ಕೋಶದಲ್ಲಿ ಎರಡು ನ್ಯೂಕ್ಲಿಯಸ್. ಕೆಫೀನ್‌ನ ಪೆಟ್ಟು ಮೈಕ್ರೊಟ್ಯೂಬ್ಯೂಲಿಗಲ್ಲ, ತಟ್ಟೆ ಗಟ್ಟಿಯಾಗುವ ಹಂತಕ್ಕೆ. ಕಳೆನಾಶಕದ ಸ್ಲೈಡಿನ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಅಂಗಡಿಯ ಕಾಫಿಪುಡಿ ಕದಡಿದರೆ ಬೇರು ಕಂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ ಲಾಭ. ಹುಳದ ಮಾತ್ರೆ ಅಲ್ಬೆಂಡಜೋಲೂ ಟ್ಯೂಬುಲಿನ್ ಔಷಧಿಯೇ, ಆದರೆ ನೀರಿಗೆ ಕರಗದು, ಬೀಕರ್ ತಳದಲ್ಲಿ ಸುಣ್ಣದಂತೆ ಕೂತಿತು. ಉಳ್ಳಾಗಡ್ಡಿಯ ಬದಲು ಹತ್ತಿ ಬೇರಿನಲ್ಲಿ 52 ಪುಡಿ ಕ್ರೋಮೊಸೋಮ್ ಎಣಿಸಲು ಹೋಗಬೇಡಿ.

ಇಥೆನಾಲ್‌ಗೆ ಅಬಕಾರಿ ಪರವಾನಗಿಯ ತಾಪತ್ರಯ ಇದ್ದರೆ ಫಿಕ್ಸೆಟಿವ್‌ಗೆ ಮೆಥನಾಲ್ ಮೂರು, ಗ್ಲೇಶಿಯಲ್ ಅಸಿಟಿಕ್ ಒಂದು ಪಾಲು ಸಾಕು, ಆಗಲೇ ಕಲಸಿದ್ದಿರಬೇಕು. ಸರ್ಜಿಕಲ್ ಸ್ಪಿರಿಟ್‌ನಲ್ಲಿ ನೀರಿದೆ, ಬೇಡ. ಬೇರು ಮೆತ್ತಗಾಗಲು 1 ನಾರ್ಮಲ್ ಎಚ್‌ಸಿಎಲ್, 60 ಡಿಗ್ರಿ, ಎಂಟು ನಿಮಿಷ. ಕಡಿಮೆಯಾದರೆ ಕೋಶ ಬಿಡಿಬಿಡಿ ಆಗುವುದಿಲ್ಲ, ಹನ್ನೆರಡು ದಾಟಿದರೆ ಬಣ್ಣ ಹಿಡಿಯುವುದಿಲ್ಲ. ಬಣ್ಣಕ್ಕೆ ಆರ್ಸೀನ್ ದುಬಾರಿ, ನಾವು ಅಸಿಟೋಕಾರ್ಮಿನ್‌ನಲ್ಲೇ ಸಾಗಿಸುತ್ತೇವೆ. ಅದಕ್ಕೆ ಕಬ್ಬಿಣ ಎಷ್ಟು, ಯಾವಾಗ ಮುಟ್ಟಿಸಬೇಕು ಅನ್ನುವುದು ಮಾತ್ರ ಇಲ್ಲಿ ಬರೆಯುವುದಿಲ್ಲ; ನಮ್ಮ ಸ್ಲೈಡ್ ನೋಡಿದವರು ಕೇಳುವುದೇ ಅದನ್ನು. ಆಂಟಿಬಾಡಿ ಹಾಕಿ ಪಕ್ಕಾ ಮಾಡಿಕೊಳ್ಳುವವರು ಈ ಫಿಕ್ಸೆಟಿವ್ ಬಳಸಬೇಡಿ, ಪ್ಯಾರಾಫಾರ್ಮಾಲ್ಡಿಹೈಡ್ ಜೊತೆ ಪೈಪ್ಸ್, ಇಜಿಟಿಎ, ಮೆಗ್ನೀಷಿಯಂ ಇರುವ ಬಫರ್ ಬೇಕು.

ಉಳಿದ ಕಳೆನಾಶಕದ ನೀರನ್ನು ಚರಂಡಿಗೂ ಕಾಲುವೆಗೂ ಸುರಿಯಬೇಡಿ, ಮೀನಿಗೆ ಬಹಳ ವಿಷ. ನಾವು ಒಂದು ಹಳೆಯ ಡ್ರಮ್ಮಿನಲ್ಲಿ ಎರೆಮಣ್ಣು ತುಂಬಿ ಅದಕ್ಕೇ ಹಾಕುತ್ತೇವೆ, ಜಿಗಟು ಮಣ್ಣು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಆ ಮಣ್ಣು ತಿಂಗಳುಗಟ್ಟಲೆ ಹೂಕುಂಡಕ್ಕೆ ಬರುವುದಿಲ್ಲ, ಡ್ರಮ್ಮಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.