ಗೋಕರ್ಣದಿಂದ ಮಂಗಳೂರಿಗೆ ಸೈಕಲ್ಲಿನಲ್ಲಿ: ಹೊಳೆಗಳನ್ನು ಎಣಿಸಿ ದಾರಿ ಹಾಕುವ ಕ್ರಮ

ನಮ್ಮ ಕರಾವಳಿಯಲ್ಲಿ ಸೈಕಲ್ ಪ್ರಯಾಣಕ್ಕೆ ಹೊರಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಎಂದು. ಮೊದಲು ಎಣಿಸಬೇಕಾದದ್ದು ಹೊಳೆಗಳನ್ನು. ಅಘನಾಶಿನಿ, ಶರಾವತಿ, ಸೌಪರ್ಣಿಕಾ, ಸೀತಾ, ಸ್ವರ್ಣಾ, ಶಾಂಭವಿ, ಫಲ್ಗುಣಿ ಎಂದು ಒಂದರ ಹಿಂದೊಂದು ನದಿ ದಾರಿಗೆ ಅಡ್ಡ ಬರುತ್ತದೆ, ಮತ್ತು ಅಳಿವೆಯ ಆಸುಪಾಸಿನಲ್ಲಿ ಅವುಗಳನ್ನು ದಾಟಿಸುವ ಸೇತುವೆ ಹೆಚ್ಚಾಗಿ ಇರುವುದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ. ಆದ್ದರಿಂದ ಇಲ್ಲಿ ಕಡಲಂಚಿನ ಶಾಂತ ರಸ್ತೆ ಎಂಬುದು ಉದ್ದಕ್ಕೂ ಒಂದೇ ಆಗಿ ಸಿಗುವುದಿಲ್ಲ. ಎರಡು ಹೊಳೆಗಳ ನಡುವಿನ ತುಂಡುತುಂಡಾಗಿ ಸಿಗುತ್ತದೆ. ಆ ತುಂಡುಗಳನ್ನು ಎಲ್ಲಿ ದೋಣಿಯಿಂದ ಜೋಡಿಸುವುದು, ಎಲ್ಲಿ ಹೆದ್ದಾರಿಗೆ ಹೋಗಿ ಸೇತುವೆಯಿಂದ ಜೋಡಿಸುವುದು ಎಂದು ಮನೆಯಲ್ಲಿ ಕುಳಿತೇ ತೀರ್ಮಾನಿಸಿಕೊಂಡರೆ ಅರ್ಧ ತಯಾರಿ ಮುಗಿದಂತೆ.

ಗೋಕರ್ಣದಿಂದ ಮಂಗಳೂರಿನವರೆಗಿನ ದಾರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ತದಡಿಯ ತಾರಿಯನ್ನು, ಅಂದರೆ ಹೊಳೆ ದಾಟಿಸುವ ದೋಣಿಯನ್ನು, ಬಳಸಿದರೆ ಇದು ಸುಮಾರು 220 ಕಿ.ಮೀ. ಆಗುತ್ತದೆ, ಒಳರಸ್ತೆಗಳ ಸುತ್ತಾಟ ಸೇರಿದರೆ ಇನ್ನೊಂದು ಇಪ್ಪತ್ತು, ಮೂವತ್ತು ಹೆಚ್ಚಬಹುದು. ರೂಢಿಯಿರುವವರು ಎರಡೇ ದಿನಗಳಲ್ಲಿ ಮುಗಿಸಬಲ್ಲರು, ಆದರೆ ಅಂಥವರು ದಿನವಿಡೀ ಹೆದ್ದಾರಿಯನ್ನೇ ನೋಡಬೇಕಾಗುತ್ತದೆ. ನಾಲ್ಕು ದಿನ ಇಟ್ಟುಕೊಂಡು ಮುರುಡೇಶ್ವರ, ಕುಂದಾಪುರ, ಕಾಪು ಎಂದು ಮೂರು ರಾತ್ರಿ ತಂಗುವುದು ಒಳ್ಳೆಯದು.

ಕಾಲದ ವಿಷಯದಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಸುರಿಯುವ ಮಳೆಯಲ್ಲಿ ದೋಣಿಗಳೂ ನಿಲ್ಲುತ್ತವೆ, ಗುಡ್ಡಗಳೂ ಕುಸಿಯುತ್ತವೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜಾರಿ ಜೀವಹಾನಿಯಾದದ್ದು ಎಲ್ಲರಿಗೂ ನೆನಪಿರುತ್ತದೆ. ಮಾರ್ಚ್ ನಂತರ ಸೆಕೆ. ಉಳಿಯುವುದು ನವೆಂಬರ್ ನಡುವಿನಿಂದ ಫೆಬ್ರವರಿಯವರೆಗಿನ ಅವಧಿ. ಈ ತಿಂಗಳುಗಳಲ್ಲಿ ನಸುಕಿನಲ್ಲಿ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ಹೊತ್ತೇರಿದ ಮೇಲೆ ಅದು ತಿರುಗಿ ಕಡಲಿನಿಂದ, ಬಹುಮಟ್ಟಿಗೆ ವಾಯುವ್ಯದಿಂದ ಬರತೊಡಗುತ್ತದೆ. ಬಡಗಿನಿಂದ ತೆಂಕಿಗೆ ಹೋಗುವ ಸವಾರನಿಗೆ ಮಧ್ಯಾಹ್ನದ ಗಾಳಿ ಬೆನ್ನಿಗೆ ಓರೆಯಾಗಿ ಸಿಗುತ್ತದೆ. ತೆಂಕಿನಿಂದ ಬಡಗಿಗೆ ಬರುವವನು ಅದೇ ಗಾಳಿಯನ್ನು ಎದೆಗೊಟ್ಟು ತುಳಿಯಬೇಕು. ಪ್ರಯಾಣವನ್ನು ಗೋಕರ್ಣದಿಂದ ಶುರುಮಾಡಲು ಹೇಳುವುದಕ್ಕೆ ಇದೇ ಕಾರಣ. ಯಕ್ಷಗಾನದ ಬಡಗುತಿಟ್ಟಿನ ಸೀಮೆಯಿಂದ ತೆಂಕುತಿಟ್ಟಿನ ಸೀಮೆಗೆ ಇಳಿಯುವ ದಾರಿಯೂ ಇದೇ ಆದುದರಿಂದ, ರಾತ್ರಿ ಆಟ ನೋಡುವ ಚಟವಿದ್ದವರು ಮರುದಿನದ ಸವಾರಿಯನ್ನು ಚಿಕ್ಕದಾಗಿಟ್ಟುಕೊಳ್ಳಬೇಕು.

ನಕ್ಷೆ ನೋಡುವಾಗ ಊರಿನ ಹೆಸರುಗಳನ್ನೂ ಓದಬೇಕು. ಘಟ್ಟದ ಮೇಲಿನವರಿಗೆ ಕೋಡಿ ಎಂದರೆ ಕೆರೆಯ ನೀರು ಹೆಚ್ಚಾಗಿ ಹರಿದುಹೋಗುವ ಜಾಗ. ಇಲ್ಲಿ ಕೋಡಿ ಎಂದರೆ ಹೊಳೆ ಕಡಲು ಸೇರುವಲ್ಲಿ ಚಾಚಿಕೊಂಡ ನೆಲದ ತುದಿ. ಬೆಂಗ್ರೆ ಎಂದರೆ ನೀರಿನ ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ. ಹೆಜಮಾಡಿ ಕೋಡಿ, ಕೋಡಿ ಕನ್ಯಾನ, ಕೋಡಿಬೆಂಗ್ರೆ ಎಂಬ ಹೆಸರು ಕಂಡಾಗ ಆ ರಸ್ತೆ ನೀರಿನಲ್ಲಿ ಕೊನೆಗೊಳ್ಳಬಹುದೆಂದು ತಿಳಿದುಕೊಳ್ಳಬೇಕು. ಗಂಗೊಳ್ಳಿ ಇದಕ್ಕೆ ತಕ್ಕ ನಿದರ್ಶನ: ಅಲ್ಲಿ ನಿಂತರೆ ಕುಂದಾಪುರದ ಕಟ್ಟಡಗಳು ನೀರಿನಾಚೆ ಕಣ್ಣೆದುರೇ ಕಾಣುತ್ತವೆ, ಆದರೆ ರಸ್ತೆಯಲ್ಲಿ ಹೋಗಬೇಕೆಂದರೆ ತ್ರಾಸಿಗೆ ಹಿಂದಿರುಗಿ ಹದಿನೈದು ಕಿ.ಮೀ.ಗೂ ಹೆಚ್ಚು ತುಳಿಯಬೇಕು. ಮೊಬೈಲಿನ ನಕ್ಷೆ ಇಂಥ ಕಡೆ ದೋಣಿಯ ಗೆರೆಯನ್ನು ಎಳೆದು ತೋರಿಸುವುದುಂಟು. ಆ ದೋಣಿ ಇಂದು ನಡೆಯುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಹಿಂದಿನ ದಿನ ಸಂಜೆಯೇ ಒಬ್ಬ ರಿಕ್ಷಾ ಚಾಲಕರನ್ನೋ ಮೀನು ಮಾರುವವರನ್ನೋ ಕೇಳಿಕೊಳ್ಳುವುದು ಉತ್ತಮ. ಒಮ್ಮೆ ನಾನು ಕೇಳದೆ ಹೋಗಿ ಒಂದು ಕಡವಿನಲ್ಲಿ ನಿಂತಾಗ, ಎದುರು ದಡದಲ್ಲಿ ವಾಹನ ದಾಟಿಸುವ ಬಾರ್ಜ್ ಎಂಜಿನ್ ಬಿಚ್ಚಿಕೊಂಡು ಕುಳಿತಿತ್ತು. ದಡದಲ್ಲಿ ಗಾಳ ಹಾಕುತ್ತಿದ್ದ ಹಿರಿಯರು ತಲೆಯೆತ್ತದೆಯೇ, "ನಾಳೆ ಬನ್ನಿ ಮಾರಾಯ್ರೆ" ಎಂದರು. ಅಂದು ಸುತ್ತು ಹಾಕಿ ಹೋಗುವಷ್ಟರಲ್ಲಿ ಕತ್ತಲಾಯಿತು.

ಮೊದಲ ದಿನ ಗೋಕರ್ಣದಿಂದ ತದಡಿಗೆ ಹೋಗಿ, ತಾರಿಯಲ್ಲಿ ಅಘನಾಶಿನಿ ಗ್ರಾಮದ ದಡಕ್ಕೆ ದಾಟಬೇಕು. ಈ ದೋಣಿಯಲ್ಲಿ ಬೈಕುಗಳನ್ನೂ ಸಾಗಿಸುವುದರಿಂದ ಸೈಕಲ್ಲಿಗೆ ತೊಡಕಿಲ್ಲ. ಆದರೆ ಇಳಿತದ ಹೊತ್ತಿನಲ್ಲಿ ನೀರು ಕೆಳಗಿದ್ದು, ಮೆಟ್ಟಿಲುಗಳು ಪಾಚಿ ಕಟ್ಟಿ ಜಾರುತ್ತಿರುತ್ತವೆ. ಕ್ಯಾರಿಯರಿನ ಚೀಲಗಳನ್ನು ಮೊದಲೇ ಬಿಚ್ಚಿ ಕೈಗೆ ತೆಗೆದುಕೊಂಡು, ಸೈಕಲ್ಲನ್ನು ಬೇರೆಯಾಗಿ ದಾಟಿಸಬೇಕು. ಅಣೆಕಟ್ಟು ಕಾಣದ ಈ ನದಿಯ ಅಳಿವೆ 2024ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದೆ; ಇಳಿತದಲ್ಲಿ ಸೊಂಟದಷ್ಟು ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುವವರನ್ನು ನೋಡಬಹುದು. ಆಚೆ ದಡದಿಂದ ಕಾಗಾಲ, ಬಾಡ ಮಾರ್ಗವಾಗಿ ಕುಮಟಾದವರೆಗೆ ಒಳ್ಳೆಯ ಹಳ್ಳಿರಸ್ತೆ ಇದೆ. ಅಲ್ಲಿಂದ ಮುಂದೆ ಹೊನ್ನಾವರದ ಶರಾವತಿ ಸೇತುವೆಯನ್ನು ದಾಟಿ ಮುರುಡೇಶ್ವರ ಮುಟ್ಟುವವರೆಗೂ ಹೆಚ್ಚಿನ ಪಾಲು ಹೆದ್ದಾರಿಯೇ.

ಎರಡನೆಯ ದಿನದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಭಟ್ಕಳ ದಾಟಿದ ಮೇಲೆ ಬೈಂದೂರಿಗೆ ಮೊದಲು ಒತ್ತಿನೆಣೆಯ ಏರು ಸಿಗುತ್ತದೆ. ಬಿಸಿಲೇರುವ ಮೊದಲೇ ಅದನ್ನು ಹತ್ತಿ ಮುಗಿಸುವಂತೆ ಹೊರಡಬೇಕು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಕಾರು ನಿಲ್ಲಿಸಿ ಚಿತ್ರ ತೆಗೆಯುವವರು ಹಿಂದುಮುಂದು ನೋಡದೆ ಬಾಗಿಲು ತೆಗೆಯುವುದು ಇಲ್ಲಿ ಸಾಮಾನ್ಯವಾದುದರಿಂದ, ನಿಂತ ವಾಹನಗಳಿಂದ ಒಂದು ಮಾರು ದೂರ ಬಿಟ್ಟು ಸಾಗಬೇಕು.

ಇಡೀ ಪ್ರಯಾಣದ ತಿರುಳು ಮೂರನೆಯ ದಿನದಲ್ಲಿದೆ. ಕೋಟೇಶ್ವರದಿಂದ ಪಡುವಣಕ್ಕೆ ತಿರುಗಿ ಬೀಜಾಡಿ, ಗೋಪಾಡಿಯ ಕಡೆಯ ಒಳರಸ್ತೆಗಳಲ್ಲಿ ತೆಂಕಿಗೆ ಸಾಗಿ, ಸಾಸ್ತಾನದ ಪಶ್ಚಿಮಕ್ಕಿರುವ ಹಂಗಾರಕಟ್ಟೆ ತಲುಪಬೇಕು. ಅಲ್ಲಿ ಬಾರ್ಜ್ ಹತ್ತಿದರೆ ಸೀತಾ ನದಿಯ ಆಚೆ ಕೋಡಿಬೆಂಗ್ರೆ. ಬಾರ್ಜ್ ಇಲ್ಲದ ದಿನ ಮಾಬುಕಳ ಮತ್ತು ಕಲ್ಯಾಣಪುರದ ಸೇತುವೆಗಳ ಮೂಲಕ ಸುತ್ತಿ ಸಂತೆಕಟ್ಟೆ, ಕೆಮ್ಮಣ್ಣು ದಾರಿಯಾಗಿ ಬರಬೇಕು. ಅದು ಇಪ್ಪತ್ತೈದು ಕಿ.ಮೀ.ಗೆ ಕಡಿಮೆಯಾಗದು. ಕೋಡಿಬೆಂಗ್ರೆಯಿಂದ ತೆಂಕಿಗೆ ಹೊರಟರೆ ಬಲಗಡೆ ಕಡಲು, ಎಡಗಡೆ ಸ್ವರ್ಣಾ ನದಿ, ನಡುವೆ ತೆಂಗಿನ ಮರಗಳು, ಒಂದು ಸಾಲು ಮನೆಗಳು, ಒಂದೇ ರಸ್ತೆ. ಹೂಡೆ, ತೊಟ್ಟಂ ದಾಟಿ ಮಲ್ಪೆ. ಮಲ್ಪೆಯ ಬಂದರಿನ ಹತ್ತಿರ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಡಾಂಬರಿನ ಮೇಲೆ ಎಣ್ಣೆಯಂತೆ ಹರಡಿರುತ್ತದೆ. ತಿರುವಿನಲ್ಲಿ ಬ್ರೇಕ್ ಹಿಡಿದರೆ ಚಕ್ರ ಜಾರುವುದು ಖಚಿತವಾದುದರಿಂದ ನೂರಿನ್ನೂರು ಮೀಟರು ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಅಲ್ಲಿಂದ ಸೇತುವೆ ದಾಟಿದರೆ ಪಡುಕೆರೆ. ಮತ್ತೆ ಅದೇ ಬಗೆಯ ಪಟ್ಟಿ, ಈ ಸಲ ಎಡಕ್ಕೆ ಉದ್ಯಾವರ ಹೊಳೆ. ಈ ರಸ್ತೆಯ ಅಂಚಿನಲ್ಲಿ ಬಲೆ ಹರಡಿ ಹೊಲಿಯುತ್ತಾರೆ. ನೈಲಾನ್ ಎಳೆ ಚೈನಿಗೆ ಸುತ್ತಿಕೊಂಡರೆ ಬಲೆಗೂ ನಷ್ಟ, ಗೇರಿಗೂ ನಷ್ಟ. ಮುಂದೆ ಮಟ್ಟುಗುಳ್ಳ ಎಂಬ ಬದನೆಯ ಊರಾದ ಮಟ್ಟು, ಕೈಪುಂಜಾಲು, ಕೊನೆಗೆ 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ.

ಕೊನೆಯ ದಿನ ಚಿಕ್ಕದು, ಆದರೆ ಅತ್ಯಂತ ಎಚ್ಚರ ಬೇಕಾದದ್ದು. ಪಡುಬಿದ್ರಿಯವರೆಗೆ ಒಳರಸ್ತೆಯ ತುಂಡುಗಳು ಸಿಗುತ್ತವೆ. ಮೂಲ್ಕಿಯಲ್ಲಿ ಶಾಂಭವಿಯನ್ನು ಹೆದ್ದಾರಿಯಲ್ಲೇ ದಾಟಬೇಕು. ಸುರತ್ಕಲ್ ಕಳೆದ ಮೇಲೆ ಪಣಂಬೂರಿನ ಬಂದರಿಗೆ ಹೋಗುವ ಟ್ಯಾಂಕರುಗಳು, ಲಾರಿಗಳು ಎಡಬಿಡದೆ ಓಡುತ್ತವೆ. ಈ ಭಾಗವನ್ನು ಭಾನುವಾರ ಬೆಳಿಗ್ಗೆ ಎಂಟರೊಳಗೆ ದಾಟುವಂತೆ ದಿನಗಳನ್ನು ಹೊಂದಿಸಿಕೊಂಡರೆ, ಅಂದರೆ ಗುರುವಾರ ಗೋಕರ್ಣದಿಂದ ಹೊರಟರೆ, ಸರಿಹೋಗುತ್ತದೆ. ಜೊತೆಯಲ್ಲಿ ಮಕ್ಕಳಿದ್ದರೆ ಸುರತ್ಕಲ್ಲಿನಲ್ಲಿಯೇ ಪ್ರಯಾಣ ಮುಗಿಸಬೇಕೆಂಬುದು ನನ್ನ ಅಭಿಪ್ರಾಯ.

ಸೈಕಲ್ ದುಬಾರಿಯದಾಗಬೇಕಿಲ್ಲ. 32ರಿಂದ 40 ಮಿ.ಮೀ. ಅಗಲದ ಟಯರು, ಹಿಂದೊಂದು ಗಟ್ಟಿ ಕ್ಯಾರಿಯರ್, ಮುಂದೆ ಹಿಂದೆ ದೀಪ, ಎರಡು ಟ್ಯೂಬು, ಪಂಚರ್ ಸಾಮಾನು, ಪಂಪು ಸಾಕು. ಟ್ಯೂಬು ಸಪೂರ ಮೂತಿಯ ಪ್ರೆಸ್ಟಾ ವಾಲ್ವಿನದಾದರೆ ಅಡಾಪ್ಟರ್ ಮರೆಯಬಾರದು. ದಾರಿಯ ಪಂಚರ್ ಅಂಗಡಿಯ ಕಂಪ್ರೆಸರಿನ ಮೂತಿ ಅದಕ್ಕೆ ಕೂರುವುದಿಲ್ಲ. ಇಲ್ಲಿ ಸೈಕಲ್ಲಿನ ನಿಜವಾದ ವೈರಿ ಉಪ್ಪುಗಾಳಿ. ಪ್ರತಿ ಸಂಜೆ ವಸತಿಗೃಹದವರಿಂದ ಒಂದು ಬಕೆಟ್ ಸಿಹಿನೀರು ಕೇಳಿ ಪಡೆದು ಚೈನು, ಗೇರು, ಬ್ರೇಕುಗಳ ಮೇಲೆ ಮೆಲ್ಲಗೆ ಹೊಯ್ದು, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಚೈನಿನ ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಡಬೇಕು. ಇದನ್ನು ಬಿಟ್ಟವನ ಚೈನು ಮೂರನೆಯ ಬೆಳಿಗ್ಗೆ ಕೆಂಪಗಾಗಿ ಕಿರ್ರೆನ್ನುತ್ತದೆ.

ಊಟಕ್ಕೆ ಕೊರತೆಯಿಲ್ಲ. ಬೆಳಿಗ್ಗೆ ಆರಕ್ಕೆ ತೆರೆಯುವ ಹೋಟೆಲುಗಳ ಬನ್ಸ್, ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ನಡುನಡುವೆ ಬೊಂಡ, ಅಂದರೆ ಎಳನೀರು. ಬೆವರು ವಿಪರೀತವಾದುದರಿಂದ ನೀರಿಗೆ ಚಿಟಿಕೆ ಉಪ್ಪು ಸೇರಿಸಿಕೊಳ್ಳುವುದು ಮುಖ್ಯ. ಕೋಣೆಗಳನ್ನು ಮಾತ್ರ ಮೊದಲೇ ಕಾದಿರಿಸಬೇಕು: ಡಿಸೆಂಬರ್ ಕೊನೆಯ ವಾರ, ಗೋಕರ್ಣದಲ್ಲಿ ಶಿವರಾತ್ರಿ, ಮತ್ತು ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ನಡೆಯುವ ಉಡುಪಿ ಪರ್ಯಾಯದ ಆಸುಪಾಸಿನಲ್ಲಿ ಹೋದರೆ ಕೋಣೆ ಸಿಗುವುದು ಕಷ್ಟ.

ಸೈಕಲ್ಲನ್ನು ಗೋಕರ್ಣಕ್ಕೆ ಒಯ್ಯುವುದು, ಮಂಗಳೂರಿನಿಂದ ಹಿಂದೆ ತರುವುದು ಬೇರೆಯೇ ಒಂದು ಕೆಲಸ. ಕೊಂಕಣ ರೈಲ್ವೆಯ ಚಿಕ್ಕ ನಿಲ್ದಾಣಗಳಲ್ಲಿ ಗಾಡಿ ಒಂದೆರಡು ನಿಮಿಷವಷ್ಟೇ ನಿಲ್ಲುವುದರಿಂದ, ಸಾಮಾನು ಸಾಗಿಸುವ ಬ್ರೇಕ್‌ವ್ಯಾನಿಗೆ ಹಾಕಿದ ಸೈಕಲ್ಲನ್ನು ಅಲ್ಲಿ ಇಳಿಸಿಕೊಡುವರೇ ಎಂದು ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು ಮುಂದುವರಿಯಬೇಕು. ಹೋಗುವಾಗ ಚಕ್ರಗಳನ್ನು ಬಿಚ್ಚಿ ಚೀಲದಲ್ಲಿ ಕಟ್ಟಿ ಬಸ್ಸಿನ ಡಿಕ್ಕಿಯಲ್ಲಿ ಹಾಕುವುದು ಸಲೀಸು. ಬರುವಾಗ ಮಂಗಳೂರು ಸೆಂಟ್ರಲ್‌ನಂಥ ದೊಡ್ಡ ನಿಲ್ದಾಣದಿಂದ ಕಳುಹಿಸಬಹುದು: ಗಾಡಿ ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಹೋಗಿ, ಪೆಡಲುಗಳನ್ನು ಬಿಚ್ಚಿ, ಹ್ಯಾಂಡಲನ್ನು ಓರೆಗೆ ತಿರುಗಿಸಿ, ಗೋಣಿ ಸುತ್ತಿ, ಹೆಸರು, ನಿಲ್ದಾಣ ಮತ್ತು ಫೋನ್ ಸಂಖ್ಯೆ ಬರೆದ ರಟ್ಟಿನ ಚೀಟಿಯನ್ನು ಎರಡು ಕಡೆ ಕಟ್ಟಿ, ರಸೀದಿಯ ಚಿತ್ರವನ್ನು ಮೊಬೈಲಿನಲ್ಲಿಟ್ಟುಕೊಳ್ಳಬೇಕು. ಬಿಚ್ಚಿದ ಪೆಡಲುಗಳನ್ನು ಗೋಣಿಯೊಳಗೆ ಹಾಕದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು ಒಳಿತು.