ಆರು ಮಿ.ಮೀ. ತಗಡಿನಲ್ಲಿ ನೂರು ಮಿ.ಮೀ. ತೂತು: ನನ್ನ ಅನುಭವ

ಉಡುಪಿ ಸಮೀಪದ ಕಟಪಾಡಿಯ ನಮ್ಮ ಮನೆಯ ಬಚ್ಚಲ ಹಂಡೆ ಒಲೆಗೆ ಹೊಗೆಕೊಳವೆ ಕೂರಿಸಲು, 6 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟಿನಲ್ಲಿ 100 ಮಿ.ಮೀ. ವ್ಯಾಸದ ತೂತು ಬೇಕಾಗಿತ್ತು. ಬೈಮೆಟಲ್ ಹೋಲ್‌ಸಾ (ಅಂಚಿನಲ್ಲಿ ಗಟ್ಟಿ ಉಕ್ಕಿನ ಹಲ್ಲುಗಳಿರುವ, ಬಟ್ಟಲಿನಾಕಾರದ ಗರಗಸ) ಹಾಕಿದರೆ ಕಿರಿಚಾಟ, ಹೊಗೆ, ನೀಲಿಗಟ್ಟಿದ ಹಲ್ಲು.

ತೊಂದರೆಯ ಮೂಲ ವೇಗದಲ್ಲಿತ್ತು. ನನ್ನ ಪ್ಲೇಟಿನಂಥ ಮೃದು ಉಕ್ಕಿಗೆ (ಮೈಲ್ಡ್ ಸ್ಟೀಲ್) ಇಂಥ ಹಲ್ಲು ನಿಮಿಷಕ್ಕೆ ಸುಮಾರು 30 ಮೀಟರ್ ವೇಗದಲ್ಲಿ ಸಾಗಬೇಕು; 100 ಮಿ.ಮೀ. ವ್ಯಾಸಕ್ಕೆ ಅದು ನಿಮಿಷಕ್ಕೆ ಸರಿಸುಮಾರು 95 ಸುತ್ತು. ನನ್ನ ಡ್ರಿಲ್ಲಿಂಗ್ ಮೆಷಿನ್ನಿನ ಕನಿಷ್ಠ ವೇಗವೇ 480 ಸುತ್ತು, ಅಂದರೆ ಐದು ಪಟ್ಟು ಹೆಚ್ಚು. ಹೀಗಾಗಿ ಮೋಟರಿಗೂ ಹೋಲ್‌ಸಾವನ್ನು ಹಿಡಿದು ತಿರುಗಿಸುವ ಸ್ಪಿಂಡಲ್ಲಿಗೂ ನಡುವೆ ಬೇರಿಂಗ್ ಮೇಲೆ ನಿಂತ ಇನ್ನೊಂದು ಶಾಫ್ಟ್ ಅಳವಡಿಸಿ, 2 ಇಂಚಿನ ಪುಲ್ಲಿಯಿಂದ 10 ಇಂಚಿನ ಪುಲ್ಲಿಗೆ ಬೆಲ್ಟ್ ಹಾಕಿ ವೇಗವನ್ನು ಐದನೇ ಒಂದಕ್ಕೆ ಇಳಿಸಿದೆ.

ಆದರೂ ಕೊರೆದ ಲೋಹದ ಚೂರುಗಳು ಕಚ್ಚಿನಲ್ಲೇ ಸಿಕ್ಕಿಕೊಂಡು ಹಲ್ಲುಗಳನ್ನು ತಡೆಯುತ್ತಿದ್ದವು. ಹಲ್ಲು ಓಡುವ ಗೆರೆಯನ್ನು ಒಳಗಿನಿಂದ ತಾಗುವಂತೆ, ತೆಗೆದು ಹಾಕುವ ಬಿಲ್ಲೆಯ ಭಾಗದಲ್ಲಿ, 6 ಮಿ.ಮೀ. ತೂತುಗಳನ್ನು ಮೊದಲೇ ಕೊರೆದ ಮೇಲೆ ಚೂರುಗಳು ಅವುಗಳ ಮೂಲಕ ಕೆಳಗೆ ಉದುರತೊಡಗಿದವು. ನನ್ನ ಅಭಿಪ್ರಾಯದಲ್ಲಿ ಇದು ಅತ್ಯಂತ ಉಪಯುಕ್ತ ಕ್ರಮ.

ವೇಗ ಇಳಿದಂತೆ ತಿರುಚುವ ಬಲ ಏರುವುದರಿಂದ ಪ್ಲೇಟನ್ನು ಮೇಜಿಗೆ ಬೋಲ್ಟ್ ಹಾಕಿಯೇ ಬಿಗಿಯಬೇಕು, ಕೈಯಲ್ಲಿ ಹಿಡಿಯಕೂಡದು; ತಿರುಗುವ ಸ್ಪಿಂಡಲ್ ಬಳಿ ಗ್ಲೌಸ್ ಧರಿಸಲೂಬಾರದು. ಕಟಿಂಗ್ ಆಯಿಲ್ ಬಿಡುತ್ತಾ ಕೊರೆದಾಗ ಬಿಲ್ಲೆ ತಣ್ಣಗೆ ಕಳಚಿಕೊಂಡಿತು. ಕಡಲ ಗಾಳಿಗೆ ಹೊಸ ಅಂಚು ಬೇಗ ತುಕ್ಕು ಹಿಡಿಯುವುದರಿಂದ, ಅರದಿಂದ ಚೂಪು ತೆಗೆದು, ಎಣ್ಣೆ ಒರೆಸಿ, ಅಂದೇ ರೆಡ್ ಆಕ್ಸೈಡ್ ಬಳಿದೆ.