ಲೋಡ್ ಬ್ಯಾಲೆನ್ಸರ್ ಹಿಂದಿನ ಸರ್ವರ್‌ಗಳಿಗೆ ಹೆಲ್ತ್ ಚೆಕ್ ಅಳವಡಿಸುವ ಬಗೆ

ಬರುವ ಕೋರಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್, ಯಾವ ಸರ್ವರ್ ಕೆಲಸ ಮಾಡುತ್ತಿದೆ ಎಂದು ಆಗಾಗ ವಿಚಾರಿಸುವುದೇ ಹೆಲ್ತ್ ಚೆಕ್. ಇಂಥದೊಂದು ಲೋಡ್ ಬ್ಯಾಲೆನ್ಸರ್ ತಂತ್ರಾಂಶವಾದ ಎಚ್‌ಎಪ್ರಾಕ್ಸಿಯ (HAProxy) ಸಂರಚನಾ ಕಡತದಲ್ಲಿ ಸರ್ವರ್ ಸಾಲಿನ ಕೊನೆಗೆ 'ಚೆಕ್' (check) ಎಂದು ಸೇರಿಸಿದರೆ ತಪಾಸಣೆ ಶುರುವಾಗುತ್ತದೆ ನಿಜ, ಆದರೆ ಅದು ನೋಡುವುದು ಟಿಸಿಪಿ ಸಂಪರ್ಕ, ಅಂದರೆ ಸರ್ವರಿನ ಪೋರ್ಟಿಗೆ ಜಾಲದ ಮೂಲಕ ಬರಿಯ ಸಂಪರ್ಕ, ಸಿಗುತ್ತದೆಯೇ ಎಂಬುದನ್ನಷ್ಟೇ. ಅಪ್ಲಿಕೇಶನ್ ಪ್ರತಿ ಕೋರಿಕೆಗೂ 500 ಎರರ್ ಕೊಡುತ್ತಿದ್ದರೂ ಪೋರ್ಟ್ ತೆರೆದಿರುವವರೆಗೆ ಆ ಸರ್ವರ್ ಚೆನ್ನಾಗಿದೆ ಎಂದೇ ದಾಖಲಾಗುತ್ತದೆ. ಆದ್ದರಿಂದ ಸರ್ವರ್‌ಗಳನ್ನು ಪಟ್ಟಿ ಮಾಡುವ ಬ್ಯಾಕೆಂಡ್ ವಿಭಾಗದಲ್ಲಿ 'ಆಪ್ಷನ್ ಎಚ್‌ಟಿಟಿಪಿಚೆಕ್' (option httpchk) ಹಾಕಿ, ತಪಾಸಣೆಗೆಂದೇ ಒಂದು ಯುಆರ್‌ಎಲ್ ಮೀಸಲಿಡಬೇಕು. ಬೇರೇನೂ ಹೇಳದಿದ್ದರೆ 2 ಮತ್ತು 3ರಿಂದ ಆರಂಭವಾಗುವ ಎಲ್ಲ ಸ್ಟೇಟಸ್‌ಗಳನ್ನೂ (ಉತ್ತರದ ಜೊತೆ ಬರುವ ಮೂರಂಕಿಯ ಸಂಕೇತಗಳನ್ನು) ಅದು ಒಪ್ಪಿಕೊಳ್ಳುವುದರಿಂದ, ಲಾಗಿನ್ ಪುಟಕ್ಕೆ ಕಳಿಸುವ 302 ಕೂಡ ಪಾಸಾಗಿಬಿಡುತ್ತದೆ. ಯಶಸ್ಸನ್ನು ಸೂಚಿಸುವ 200 ಬಂದರೆ ಮಾತ್ರ ಸರಿ ಎಂದು ನಿಗದಿಪಡಿಸುವುದು ಕ್ಷೇಮ.

ಆ ಯುಆರ್‌ಎಲ್ ಏನನ್ನು ಪರೀಕ್ಷಿಸಬೇಕು ಎಂಬುದೇ ಇಲ್ಲಿನ ಮುಖ್ಯ ತೀರ್ಮಾನ. ಡೇಟಾಬೇಸನ್ನೂ ಮುಟ್ಟಿ ನೋಡೋಣ ಎಂದು ಅನೇಕರಿಗೆ ಅನ್ನಿಸುತ್ತದೆ. ಆದರೆ ಎಲ್ಲ ಸರ್ವರ್‌ಗಳೂ ಒಂದೇ ಡೇಟಾಬೇಸನ್ನು ನೆಚ್ಚಿಕೊಂಡಿರುವಾಗ, ಅದು ಕೆಲವು ಸೆಕೆಂಡು ತಡವರಿಸಿದರೂ ಎಲ್ಲ ಸರ್ವರ್‌ಗಳೂ ಒಟ್ಟಿಗೆ ತಪಾಸಣೆಯಲ್ಲಿ ಸೋತು ಹೊರಬಿದ್ದು, ಕ್ಯಾಶ್‌ನಿಂದ (ಮೊದಲೇ ತೆಗೆದಿರಿಸಿಕೊಂಡ ಪ್ರತಿಯಿಂದ) ಕೊಡಬಹುದಾಗಿದ್ದ ಪುಟಗಳೂ ಬಳಕೆದಾರರಿಗೆ ಸಿಗದಂತಾಗುತ್ತವೆ. ಆಯಾ ಸರ್ವರಿಗೆ ಮಾತ್ರ ಸೇರಿದ ದೋಷಗಳನ್ನು, ಅಂದರೆ ಡಿಸ್ಕ್ ತುಂಬಿರುವುದು, ಕೋರಿಕೆಗಳನ್ನು ನಿರ್ವಹಿಸುವ ವರ್ಕರ್ ಪ್ರೋಸೆಸ್‌ಗಳು ಸಿಲುಕಿಕೊಂಡಿರುವುದು, ಆರಂಭದ ಸಿದ್ಧತೆ ಮುಗಿಯದಿರುವುದು ಇಂಥವನ್ನು ಇಲ್ಲಿ ನೋಡಿ, ಡೇಟಾಬೇಸಿನ ನಿಗಾವನ್ನು ಮಾನಿಟರಿಂಗ್ ವ್ಯವಸ್ಥೆಗೆ ಬಿಡುವುದು ಲೇಸು.

ಇನ್ನು ಒಂದು ತಪಾಸಣೆಗೂ ಮತ್ತೊಂದಕ್ಕೂ ನಡುವಿನ ಅಂತರ. ಎಚ್‌ಎಪ್ರಾಕ್ಸಿ ತಾನಾಗಿ 2 ಸೆಕೆಂಡಿಗೊಮ್ಮೆ ಕೇಳುತ್ತದೆ, ಸತತ 3 ಬಾರಿ ವಿಫಲವಾದರೆ ಸರ್ವರನ್ನು ಹೊರಗಿಡುತ್ತದೆ, 2 ಬಾರಿ ಸಫಲವಾದರೆ ಮರಳಿ ಸೇರಿಸಿಕೊಳ್ಳುತ್ತದೆ. ಹೆಚ್ಚಿನ ಕಡೆ ಇಷ್ಟೇ ಸಾಕು. ಲೋಡ್ ಬ್ಯಾಲೆನ್ಸರ್ ಆಗಿ ಉಚಿತ ಎನ್‌ಜಿನ್‌ಎಕ್ಸ್ (nginx) ಬಳಸುವವರು ಮಾತ್ರ ಎಚ್ಚರ ವಹಿಸಬೇಕು: ಅದು ಮುಂಚಿತವಾಗಿ ವಿಚಾರಿಸುವುದಿಲ್ಲ, ನಿಜವಾದ ಬಳಕೆದಾರರ ಕೋರಿಕೆ ವಿಫಲವಾದ ಮೇಲಷ್ಟೇ ಆ ಸರ್ವರನ್ನು 10 ಸೆಕೆಂಡು ಬದಿಗಿಡುತ್ತದೆ.

ಅಳವಡಿಸಿದ ಮೇಲೆ ಬೇಕೆಂದೇ ಕೆಡಿಸಿ ನೋಡಬೇಕು. ಪ್ರೋಸೆಸನ್ನು ಕೊಲ್ಲುವುದು ಸುಲಭದ ಪರೀಕ್ಷೆ, ಏಕೆಂದರೆ ಸಂಪರ್ಕ ತಕ್ಷಣ ನಿರಾಕೃತವಾಗುತ್ತದೆ. ಅದರ ಬದಲು ಲಿನಕ್ಸ್‌ನಲ್ಲಿ ಸ್ಟಾಪ್ ಸಿಗ್ನಲ್ (SIGSTOP) ಕಳಿಸಿ ಪ್ರೋಸೆಸನ್ನು ಸ್ತಬ್ಧಗೊಳಿಸಿದರೆ, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸಂಪರ್ಕವನ್ನು ಸ್ವೀಕರಿಸುತ್ತಲೇ ಇದ್ದು ಉತ್ತರ ಮಾತ್ರ ಬರುವುದಿಲ್ಲ. ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕೆಂಬ ಮಿತಿ, ಅಂದರೆ ಟೈಮ್‌ಔಟ್, ಸರಿಯಾಗಿದೆಯೇ ಎಂಬುದು ಆಗ ಬಯಲಾಗುತ್ತದೆ. ಹೊಸ ಆವೃತ್ತಿ ಹಾಕುವಾಗಲೂ ಇದೇ ಯುಆರ್‌ಎಲ್ ಉಪಯೋಗಕ್ಕೆ ಬರುತ್ತದೆ: ಮೊದಲು ಅದರಿಂದ 503 (ಸದ್ಯ ಸೇವೆ ಲಭ್ಯವಿಲ್ಲ ಎಂಬ ಸ್ಟೇಟಸ್) ಕೊಡಿಸಿ, ಲೋಡ್ ಬ್ಯಾಲೆನ್ಸರ್ ಆ ಸರ್ವರನ್ನು ಕೈಬಿಟ್ಟು, ನಡೆಯುತ್ತಿರುವ ಕೋರಿಕೆಗಳು ಮುಗಿದ ನಂತರವೇ ಪ್ರೋಸೆಸನ್ನು ನಿಲ್ಲಿಸಬೇಕು.